ಸ್ವರಗಿವುಡಿನ ಪರೀಕ್ಷೆಗಳು: ಮಾಂಟ್ರಿಯಲ್ ಬ್ಯಾಟರಿ, ಅದರ ಆನ್‌ಲೈನ್ ಕಿರುರೂಪ, ಮತ್ತು ‘ನಿಮ್ಮ ಮಿದುಳು ಹೀಗಿದೆ’ ಎಂಬ ಮಾತು

‘ನನಗೆ ಸಂಗೀತದ ಕಿವಿಯೇ ಇಲ್ಲ’ ಎನ್ನುವವರಿಗೆ ಲೆಕ್ಕವಿಲ್ಲ. ಕೆನಡಾದಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕೇಳಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 17% ಮಂದಿ ತಮ್ಮನ್ನು ಹಾಗೆಂದುಕೊಂಡಿದ್ದರು. ಪರೀಕ್ಷೆಗೆ ಕೂರಿಸಿದಾಗ ಅವರಲ್ಲಿ ಬಹುಪಾಲು ಜನ ಉಳಿದವರಷ್ಟೇ ಅಂಕ ತೆಗೆದರು. 2017ರಲ್ಲಿ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕಿ ಇಸಬೆಲ್ ಪೆರೆಟ್ಸ್ ಮತ್ತು ಸಹೋದ್ಯೋಗಿ ಸುಮಾರು 20,000 ಜನರ ಆನ್‌ಲೈನ್ ಅಂಕಗಳನ್ನು ಜಾಲಾಡಿ, ಹುಟ್ಟಿನಿಂದಲೇ ಶ್ರುತಿಯ ಸೂಕ್ಷ್ಮ ಹಿಡಿಯಲಾಗದವರು 1.5% ಮಾತ್ರ ಎಂದರು. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಈ ಪರೀಕ್ಷೆಗಳ ಮೊದಲ ಕೆಲಸ ರೋಗ ಹುಡುಕುವುದಲ್ಲ, ಸುಮ್ಮನೆ ಅಂಜಿಕೊಂಡವರನ್ನು ಮನೆಗೆ ಕಳಿಸುವುದು. ಇಲ್ಲಿನ ತೂಕವೆಲ್ಲ ಆ ತಕ್ಕಡಿಯಲ್ಲೇ.

ವೈದ್ಯರ ಮಾತಿನಲ್ಲಿ ಇದು ಜನ್ಮಜಾತ ಅಮ್ಯೂಸಿಯಾ. ನಾವು ಸ್ವರಗಿವುಡು ಎನ್ನೋಣ. ಕಿವಿ ನೆಟ್ಟಗಿರಬೇಕು, ಮಿದುಳಿಗೆ ಪೆಟ್ಟು ಬಿದ್ದಿರಬಾರದು, ಬುದ್ಧಿ ಸಹಜವಾಗಿರಬೇಕು, ಬಾಲ್ಯದಿಂದ ಸಂಗೀತ ಕಿವಿಗೆ ಬಿದ್ದಿರಬೇಕು. ಇಷ್ಟಿದ್ದೂ ಅಪಸ್ವರ ಅಪಸ್ವರವೆಂದು ತಿಳಿಯದಿದ್ದರೆ ಮಾತ್ರ ಈ ಹೆಸರು. ಹಾಡಲು ಬಾರದಿರುವುದು ಬೇರೆಯೇ ಸಂಗತಿ. ಕಿವಿ ಸರಿಯಿದ್ದೂ ಗಂಟಲು ಶ್ರುತಿಗೆ ಕೂರದವರು ಬಹಳ ಮಂದಿ. ತಾವು ಹಾಡಿದ್ದು ತಪ್ಪೆಂದು ತಮಗೇ ಕೇಳಿಸುತ್ತಿದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಕಿಲ್ಲ.

ಮಾಂಟ್ರಿಯಲ್ ಬ್ಯಾಟರಿ

2003ರಲ್ಲಿ ಪ್ರಕಟವಾದ ಮಾಂಟ್ರಿಯಲ್ ಅಮ್ಯೂಸಿಯಾ ಮೌಲ್ಯಮಾಪನ ಬ್ಯಾಟರಿ ಈ ಕ್ಷೇತ್ರದ ಅಳತೆಗೋಲು. ಬ್ಯಾಟರಿ ಎಂದರೆ ಇಲ್ಲಿ ಪರೀಕ್ಷೆಗಳ ಗೊಂಚಲು. ಆರು ಪರೀಕ್ಷೆಗಳು, ಒಂದೊಂದರಲ್ಲಿ 30 ಪ್ರಶ್ನೆ. ಪಿಯಾನೊ ದನಿಯಲ್ಲಿ, ಈ ಪರೀಕ್ಷೆಗೆಂದೇ ಕಟ್ಟಿದ ಹೊಸ ರಾಗತುಣುಕುಗಳು. ಎಂದೋ ಕೇಳಿದ ಹಾಡಿನ ನೆನಪು ನೆರವಿಗೆ ಬರಬಾರದೆಂದೇ ಈ ಏರ್ಪಾಡು.

ಮೊದಲ ಮೂರೂ ಒಂದೇ ಅಚ್ಚಿನವು. ಒಂದು ತುಣುಕು, 2 ಸೆಕೆಂಡು ಮೌನ, ಮತ್ತೊಂದು ತುಣುಕು. ಎರಡೂ ಒಂದೇ ಇದ್ದವೇ, ಬೇರೆಯೇ? ಮೂವತ್ತರಲ್ಲಿ ಅರ್ಧ ಒಂದೇ, ಅರ್ಧ ಬೇರೆ. ಬೇರೆಯಾದಲ್ಲಿ ಬದಲಾಗುವುದು ಒಂದೇ ಒಂದು ಸ್ವರ. ಅದನ್ನು ಹೇಗೆ ಬದಲಿಸುತ್ತಾರೆ ಎಂಬಲ್ಲಿ ಜಾಣತನ ಇದೆ. ಶ್ರೇಣಿ ಪರೀಕ್ಷೆಯಲ್ಲಿ ಆ ಸ್ವರ ರಾಗದ ಶ್ರೇಣಿಯಿಂದಲೇ, ಅಂದರೆ ಆ ತುಣುಕಿಗೆ ಹೊಂದುವ ಸ್ವರಗಳ ಸಾಲಿನಿಂದಲೇ, ಹೊರಬಿದ್ದು ಹಲ್ಲಿಗೆ ಸಿಕ್ಕ ಕಲ್ಲಿನಂತೆ ಕೇಳುತ್ತದೆ. ಏರಿಳಿತದ ಪರೀಕ್ಷೆಯಲ್ಲಿ ಸ್ವರ ಶ್ರೇಣಿಯೊಳಗೇ ಉಳಿದು ದಿಕ್ಕು ತಿರುಗುತ್ತದೆ: ಏರಬೇಕಾದಲ್ಲಿ ಇಳಿಯುತ್ತದೆ. ಅಂತರದ ಪರೀಕ್ಷೆಯಲ್ಲಿ ಶ್ರೇಣಿಯೂ ಕೆಡದು, ದಿಕ್ಕೂ ಕೆಡದು. ಎರಡು ಸ್ವರಗಳ ನಡುವಿನ ದೂರ ಮಾತ್ರ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಎಲ್ಲಿಯೂ ಕಲ್ಲು ಸಿಗದ ಕಾರಣ ಒಳ್ಳೆಯ ಕಿವಿಯವರೂ ಇಲ್ಲಿ ತಡವರಿಸುತ್ತಾರೆ.

ನಾಲ್ಕನೆಯದು ಲಯದ ಪರೀಕ್ಷೆ. ಸ್ವರಗಳೆಲ್ಲ ಹಾಗೆಯೇ ಇದ್ದು, ಅಕ್ಕಪಕ್ಕದ ಎರಡು ಸ್ವರಗಳ ಉದ್ದ ಬದಲಾಗುತ್ತದೆ. ಐದನೆಯದರಲ್ಲಿ ಕೇಳಿದ್ದು ಮಾರ್ಚೋ ವಾಲ್ಟ್ಜೋ ಹೇಳಬೇಕು. ಆ ಹೆಸರುಗಳೇ ತಿಳಿಯದವರು ಇಲ್ಲಿ ಅನ್ಯಾಯವಾಗಿ ಅಂಕ ಕಳೆದುಕೊಳ್ಳುತ್ತಾರೆ. ಮೂರುಮೂರರ ಎಣಿಕೆ, ಅಂದರೆ ತಿಶ್ರದ ನಡೆ, ಬಂದರೆ ವಾಲ್ಟ್ಜ್. ಎರಡೆರಡರ ಎಣಿಕೆ ಬಂದರೆ ಮಾರ್ಚ್. ಇಷ್ಟನ್ನು ಮೊದಲೇ ಹೇಳಿಕೊಡಬೇಕು. ಹಾಗೆ ಹೇಳಿಕೊಟ್ಟರೆ ಮೋಸವೇನೂ ಅಲ್ಲ. ಅಳೆಯಬೇಕಾದದ್ದು ತಾಳದ ಅರಿವು, ಪದಸಂಪತ್ತಲ್ಲ. ಆರನೆಯದು ಮುನ್ಸೂಚನೆ ಕೊಡದೆ ಬರುವ ನೆನಪಿನ ಪರೀಕ್ಷೆ: ಇದುವರೆಗೆ ಕೇಳಿದ 15 ತುಣುಕು, ಹೊಸ 15 ತುಣುಕು, ಯಾವುದು ಹಳೆಯದು? ಮುನ್ಸೂಚನೆ ಇಲ್ಲದಿರುವುದೇ ಅದರ ಜೀವ. ಅಷ್ಟರಮಟ್ಟಿಗೆ ಈ ಸಾಲು ಓದಿದವರ ಪಾಲಿಗೆ ಅದು ಕೆಟ್ಟಿತು. ಆರನೆಯ ಅಂಕವನ್ನು ಚೂರು ಅನುಮಾನದಿಂದಲೇ ನೋಡಿ.

ಪೂರ್ತಿ ಬ್ಯಾಟರಿಗೆ ಹತ್ತಿರಹತ್ತಿರ ಒಂದೂವರೆ ಗಂಟೆ ಇಟ್ಟುಕೊಳ್ಳಬೇಕು. ತೊಡಕು ಹುಟ್ಟುವುದು ಇಲ್ಲೇ. ಮೂರನೆಯ ಪರೀಕ್ಷೆಯ ಹೊತ್ತಿಗೆ ಗಮನ ಸಡಿಲಾಗುತ್ತದೆ, ಮೂರನೆಯದೇ ಅತಿ ಸೂಕ್ಷ್ಮದ್ದು. ಅಂತರದ ಅಂಕ ಮಾತ್ರ ಕುಸಿದು ಶ್ರೇಣಿ, ಏರಿಳಿತ ಚೆನ್ನಾಗಿದ್ದರೆ ಅದನ್ನು ದಣಿವಿನ ಲೆಕ್ಕಕ್ಕೆ ಹಾಕಿ, ಇನ್ನೊಂದು ದಿನ ಆ ಒಂದನ್ನೇ ಮತ್ತೆ ಮಾಡಿ. ಜೋಡಿ ಕೇಳಿಸುವ ಪರೀಕ್ಷೆಗಳ ನಡುವೆ ಎಲ್ಲೋ ಒಂದು ಎಚ್ಚರದ ಪ್ರಶ್ನೆಯನ್ನೂ ನುಸುಳಿಸಿರುತ್ತಾರೆ. ಅದರ ಎರಡನೆಯ ತುಣುಕು ಮೊದಲನೆಯದಕ್ಕೆ ತಾಳೆಯೇ ಆಗದಷ್ಟು ಬೇರೆ. ಅದನ್ನೂ ‘ಒಂದೇ’ ಎಂದವರು ಕೇಳುತ್ತಲೇ ಇರಲಿಲ್ಲ ಎಂದರ್ಥ. ಆ ಭಾಗದ ಅಂಕಕ್ಕೆ ಬೆಲೆ ಕೊಡಬೇಡಿ.

ಕೂರುವ ಮುನ್ನ

ಅರ್ಧಕ್ಕರ್ಧ ತಪ್ಪು ಫಲಿತಾಂಶ ಉಪಕರಣದಿಂದ ಬರುತ್ತದೆ ಎನ್ನುವುದು ಉತ್ಪ್ರೇಕ್ಷೆ. ಆದರೂ ತಪ್ಪಿಸಬಹುದಾದ ತಪ್ಪುಗಳು ಹೆಚ್ಚಾಗಿ ಅಲ್ಲಿಯವೇ. ತಂತಿಯ ಹೆಡ್‌ಫೋನ್ ಸಾಕು. ಲ್ಯಾಪ್‌ಟಾಪಿನ ಸ್ಪೀಕರ್ ಬೇಡ; ಅದರಲ್ಲಿ ಕೆಳಸ್ಥಾಯಿ ತೆಳುವಾಗುತ್ತದೆ, ಕೋಣೆಯ ಗೋಡೆಗಳೂ ದನಿಗೆ ತಮ್ಮದನ್ನು ಸೇರಿಸುತ್ತವೆ. ಬ್ಲೂಟೂತ್ ಹೆಡ್‌ಫೋನಿನ ವಿಳಂಬ ‘ಒಂದೇ–ಬೇರೆ’ ಪ್ರಶ್ನೆಗಳಿಗೆ ಅಡ್ಡಿಯಲ್ಲ. ಬಡಿತಕ್ಕೆ ಸರಿಯಾಗಿ ಬೆರಳು ತಟ್ಟಬೇಕಾದ ಪರೀಕ್ಷೆಗಳಿಗೆ ಅದು ಪೂರಾ ಅಡ್ಡಿ. ಸೌಂಡ್ ಸೆಟ್ಟಿಂಗಿನಲ್ಲಿ ಈಕ್ವಲೈಜರ್, ಸುತ್ತುದನಿಯಂಥವುಗಳನ್ನು ಆರಿಸಿಡಿ.

ಶ್ರವಣ ಪರೀಕ್ಷೆ ಮಾಡಿಸದೆ ಸ್ವರಗಿವುಡಿನ ಮಾತೆತ್ತಬಾರದು. ಎತ್ತರದ ಆವರ್ತನಗಳು ಕೇಳಿಸದವರೂ ಕೆಲವು ಪ್ರಶ್ನೆಗಳಲ್ಲಿ ತಪ್ಪುತ್ತಾರೆ. ಅದಕ್ಕೆ ಬೇರೆ ಹೆಸರಿದೆ, ಬೇರೆ ಚಿಕಿತ್ಸೆಯಿದೆ. ತುಣುಕು ಕೇಳುವಾಗ ಗುನುಗಬೇಡಿ, ಬೆರಳಿನಿಂದ ಗಾಳಿಯಲ್ಲಿ ಏರಿಳಿತ ಬರೆಯಬೇಡಿ, ಎರಡನೆಯ ತುಣುಕು ಮುಗಿಯುವ ತನಕ ಉತ್ತರ ಒತ್ತಬೇಡಿ. ಬದಲಾದ ಸ್ವರ ಕೊನೆಗೆ ಬರಬಹುದು. ಪಕ್ಕದಲ್ಲಿ ಕೂತವರ ಹುಬ್ಬು ಏರುವುದೂ ಒಂದು ಸುಳಿವೇ, ಆದ್ದರಿಂದ ಒಬ್ಬರೇ ಕೂತು ಮಾಡಿ.

ಅಂಕ ಓದುವುದು

ಸಾಮಾನ್ಯರ ಸರಾಸರಿಗಿಂತ ಎರಡು ಪ್ರಮಾಣ ವಿಚಲನೆ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆ) ಕೆಳಗೆ ಗೆರೆ ಎಳೆಯುವುದು ವಾಡಿಕೆ. ಆರೂ ಪರೀಕ್ಷೆಗಳ ಸರಾಸರಿಗೆ ಆ ಗೆರೆ 30ಕ್ಕೆ ಸುಮಾರು 23. ಕಣ್ಣುಮುಚ್ಚಿ ಉತ್ತರಿಸಿದರೂ 15 ಬರುತ್ತದೆ ಎಂಬುದು ನೆನಪಿರಲಿ. ಅಂದರೆ ನಿಜವಾದ ಅಳತೆಪಟ್ಟಿ ಇರುವುದು 15ರಿಂದ 30ರವರೆಗೆ ಮಾತ್ರ. ಅದರಲ್ಲೂ ಬಹುಪಾಲು ಜನ ಮೇಲ್ತುದಿಯಲ್ಲಿ ಗುಂಪುಗಟ್ಟುತ್ತಾರೆ. ಗಂಟೆಯಾಕಾರದ ಹಂಚಿಕೆಯೇ ಆಗಿದ್ದರೂ ಎರಡು ವಿಚಲನೆಯ ಗೆರೆಯ ಕೆಳಗೆ ಲೆಕ್ಕದ ಪ್ರಕಾರ 2.3% ಜನ ಬಂದೇ ಬರುತ್ತಾರೆ, ಅವರಿಗೆ ಏನೂ ಆಗಿರದಿದ್ದರೂ. ಒಂದು ಬದಿಗೆ ವಾಲಿದ ಹಂಚಿಕೆಯಲ್ಲಿ ಇನ್ನೂ ಹೆಚ್ಚು. ಸ್ವರಗಿವುಡಿನವರು ‘ನೂರಕ್ಕೆ ನಾಲ್ವರು’ ಎಂದು ಬಹುಕಾಲ ಓಡಾಡಿದ ಅಂಕಿಯನ್ನು ಕೆಲವರು ಪ್ರಶ್ನಿಸಿದ್ದು, ಅದು ಎಲ್ಲಿ ಗೆರೆ ಎಳೆದಿದ್ದಾರೆ ಎಂಬುದರ ಮೇಲೆ ನಿಂತಿದೆ ಎಂದೇ.

ಇದಕ್ಕಿಂತ ದೊಡ್ಡ ದೋಷ, ಒಟ್ಟು ಅಂಕ ಉತ್ತರಿಸುವವರ ಸ್ವಭಾವವನ್ನು ಮುಚ್ಚಿಡುತ್ತದೆ. ಒಂದು ಉದಾಹರಣೆ. ಮೊದಲನೆಯವರು ಸಂಕೋಚಿ, ಖಚಿತವಾದರೆ ಮಾತ್ರ ‘ಬೇರೆ’ ಎನ್ನುತ್ತಾರೆ. ನಿಜವಾಗಿ ಬೇರೆ ಇದ್ದ 15ರಲ್ಲಿ 8 ಹಿಡಿದರು, ಒಂದೇ ಇದ್ದ 15ರಲ್ಲಿ ಒಂದನ್ನು ಮಾತ್ರ ತಪ್ಪಾಗಿ ‘ಬೇರೆ’ ಎಂದರು. ಅಂಕ 8+14, ಅಂದರೆ 22. ಎರಡನೆಯವರು ಧಾರಾಳಿ, 12 ಹಿಡಿದರು, ಆದರೆ 5 ಸುಳ್ಳು ‘ಬೇರೆ’. ಅಂಕ 12+10, ಅದೂ 22. ಇಬ್ಬರೂ ಗೆರೆಯ ಕೆಳಗೆ. ಉತ್ತರಿಸುವ ಸ್ವಭಾವವನ್ನು ಬದಿಗಿಟ್ಟು ವ್ಯತ್ಯಾಸ ಹಿಡಿಯುವ ಶಕ್ತಿಯನ್ನಷ್ಟೇ ಅಳೆಯುವ, ಸಂಕೇತ ಪತ್ತೆ ಸಿದ್ಧಾಂತದ ಡಿ-ಪ್ರೈಮ್ ಲೆಕ್ಕ ಹಾಕಿದರೆ ಮೊದಲನೆಯವರದು ಸುಮಾರು 1.6, ಎರಡನೆಯವರದು ಸುಮಾರು 1.3. ಕಿವಿ ಮೊದಲನೆಯವರದೇ ಚುರುಕು. ಲೆಕ್ಕ ಕಷ್ಟದ್ದಲ್ಲ: ಹಿಡಿದ ಪ್ರಮಾಣ ಮತ್ತು ಸುಳ್ಳು ‘ಬೇರೆ’ಗಳ ಪ್ರಮಾಣ ಎರಡನ್ನೂ ಸ್ಪ್ರೆಡ್‌ಶೀಟಿನ ನಾರ್ಮಲ್ ಇನ್ವರ್ಸ್ ಸೂತ್ರಕ್ಕೆ ಕೊಟ್ಟು, ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. ಪ್ರಮಾಣ ಸೊನ್ನೆಯೋ ಒಂದೋ ಆದರೆ ಸೂತ್ರ ಕೈಕೊಡುತ್ತದೆ. ಸೊನ್ನೆಯ ಬದಲು 0.5/15, ಒಂದರ ಬದಲು 14.5/15 ಹಾಕಿ. ಒಟ್ಟು ಅಂಕ ಮಾತ್ರ ತೋರಿಸಿ, ಎಲ್ಲಿ ತಪ್ಪಿದಿರಿ ಎಂದು ಹೇಳದ ಯಾವ ಜಾಲತಾಣವನ್ನೂ ನಾವು ಶಿಫಾರಸು ಮಾಡುವುದಿಲ್ಲ.

ಬ್ಯಾಟರಿಯ ತುಣುಕುಗಳೆಲ್ಲ ಪಾಶ್ಚಾತ್ಯ ಶ್ರೇಣಿಗಳಲ್ಲಿವೆ. ಬೇರೆ ಸಂಗೀತ ಕೇಳಿ ಬೆಳೆದವರಿಗೆ ‘ಶ್ರೇಣಿಯಿಂದ ಹೊರಬಿದ್ದ ಸ್ವರ’ ಅಷ್ಟು ಎದ್ದು ಕಾಣಲಿಕ್ಕಿಲ್ಲ. ಅಂಥವರು ಏರಿಳಿತದ ಅಂಕಕ್ಕೆ ಹೆಚ್ಚು ತೂಕ ಕೊಡಲಿ.

ಆನ್‌ಲೈನ್ ಕಿರುರೂಪ

ಬ್ಯಾಟರಿಯನ್ನು ಕಟ್ಟಿದ ಪೆರೆಟ್ಸ್ ಪ್ರಯೋಗಾಲಯವೇ ರೂಪಿಸಿದ ಮೂರು ಭಾಗದ ಆನ್‌ಲೈನ್ ಪರೀಕ್ಷೆ ಸಾಮಾನ್ಯ ಓದುಗರಿಗೆ ಸಾಕು. ಶ್ರೇಣಿಯ 30 ಜೋಡಿಗಳು ಹಾಗೆಯೇ ಇವೆ. ಜೊತೆಗೆ ಶ್ರೇಣಿ ತಪ್ಪಿದ ಸ್ವರವನ್ನು ಒಂದೇ ತುಣುಕಿನೊಳಗೆ ಗುರುತಿಸುವ ಭಾಗ, ಬಡಿತ ತಪ್ಪಿದ್ದನ್ನು ಗುರುತಿಸುವ ಭಾಗ. ಬಡಿತ ತಪ್ಪಿಸಲು ಒಂದು ಸ್ವರಕ್ಕೆ ಮುಂಚೆ ಬಡಿತದ 5/7ರಷ್ಟು ಮೌನ ಸೇರಿಸುತ್ತಾರೆ. ಎರಡನೆಯ ಭಾಗದಲ್ಲಿ ಹೋಲಿಸಲು ಇನ್ನೊಂದು ತುಣುಕೇ ಇಲ್ಲ. ಹಾಗಾಗಿ ನೆನಪಿನ ಹೊರೆ ಕಡಿಮೆ, ಶ್ರುತಿಯ ಅರಿವಷ್ಟೇ ಉಳಿಯುತ್ತದೆ. ಇದು ಒಳ್ಳೆಯ ತಿದ್ದುಪಡಿ. ಶ್ರುತಿಯ ಎರಡೂ ಭಾಗಗಳಲ್ಲಿ ಗೆರೆಗಿಂತ ಕೆಳಗಿಳಿದು, ಬಡಿತದ ಭಾಗದಲ್ಲಿ ಚೆನ್ನಾಗಿ ಮಾಡಿದರೆ ಅನುಮಾನ ಗಟ್ಟಿ. ಮೂರರಲ್ಲೂ ನೆಲಕಚ್ಚಿದವರು ಮೊದಲು ಹೆಡ್‌ಫೋನ್, ನಿದ್ದೆ, ಗಮನ ಮೂರನ್ನೂ ನೋಡಿಕೊಳ್ಳಲಿ. ಬಡಿತದಲ್ಲಿ ಮಾತ್ರ ಬಿದ್ದವರದು ಬೇರೆ ದಾರಿ: ಶ್ರುತಿ ಸರಿಯಿದ್ದೂ ಸಂಗೀತದ ಬಡಿತಕ್ಕೆ ಮೈ ಕೂಡಿಸಲಾಗದ ವ್ಯಕ್ತಿಯೊಬ್ಬರ ವಿವರ 2011ರಲ್ಲಿ ಪ್ರಕಟವಾಗಿದೆ.

ಅಪಸ್ವರದ ಹಳೆಯ ಪರೀಕ್ಷೆ

ಗೊತ್ತಿರುವ 26 ಧಾಟಿಗಳನ್ನು ಕೇಳಿಸಿ, ಸರಿಯಾಗಿ ನುಡಿಸಿದರೇ ತಪ್ಪಾಗಿಯೇ ಎಂದು ಕೇಳುವ ಪರೀಕ್ಷೆಯಿದು. 2001ರಲ್ಲಿ ಅವಳಿಗಳ ಮೇಲೆ ಇದನ್ನು ಬಳಸಿ, ಶ್ರುತಿ ಗುರುತಿಸುವ ಶಕ್ತಿಯ ಏರುಪೇರಿನಲ್ಲಿ ಅನುವಂಶೀಯತೆಯ ಪಾಲು 71ರಿಂದ 80% ಎಂದು ಅಂದಾಜು ಮಾಡಿದರು. ಸಂಶೋಧನೆಗೆ ಇದು ದೊಡ್ಡ ಕೊಡುಗೆ. ಸ್ವಂತಕ್ಕೆ ಬಳಸುವವರಿಗೆ ಮಾತ್ರ ಇದು ಎಡವುಗಲ್ಲು, ಏಕೆಂದರೆ ಧಾಟಿಗಳು ಅಮೆರಿಕ, ಬ್ರಿಟನ್ ಕಡೆಯ ಮಕ್ಕಳಿಗೆ ಪರಿಚಿತವಾದವು. ಮೂಲವೇ ತಿಳಿಯದ ಧಾಟಿಯಲ್ಲಿ ತಪ್ಪು ಹುಡುಕುವುದೆಂದರೆ ಮುಖ ನೋಡಿರದವರ ಚಿತ್ರದಲ್ಲಿ ಹೋಲಿಕೆ ತಪ್ಪಿದೆಯೇ ಎಂದು ಕೇಳಿದ ಹಾಗೆ. ಬಿಟ್ಟುಬಿಡಿ.

ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ಮಿತಿ ಪರೀಕ್ಷೆ

ಬ್ಯಾಟರಿ ‘ರಾಗ ಕೇಳಿಸಿತೇ’ ಎಂದು ಕೇಳುತ್ತದೆ. ಎಷ್ಟು ಸಣ್ಣ ಶ್ರುತಿ ವ್ಯತ್ಯಾಸ ಹಿಡಿಯಬಲ್ಲಿರಿ ಎಂಬುದನ್ನು ಅದು ನೇರ ಹೇಳದು. ಅದಕ್ಕೆ 2004ರ ಹೈಡ್ ಮತ್ತು ಪೆರೆಟ್ಸ್ ಪ್ರಯೋಗದ ವಿನ್ಯಾಸ ಚೆಂದ: ಒಂದೇ ಶ್ರುತಿಯ ಐದು ಚುಟುಕು ನಾದ, ಅವುಗಳಲ್ಲಿ ನಾಲ್ಕನೆಯದರ ಶ್ರುತಿ ಕೆಲವೊಮ್ಮೆ ಬದಲಾಗುತ್ತದೆ. ಪಿಯಾನೊದ ಅಕ್ಕಪಕ್ಕದ ಎರಡು ಕೀಲಿಗಳ ನಡುವಿನ ದೂರ ಒಂದು ಅರ್ಧಸ್ವರ, ಅದರ ನೂರನೆಯ ಒಂದು ಪಾಲು ಒಂದು ಸೆಂಟು. ಸಾಮಾನ್ಯರು 25 ಸೆಂಟಿನ ಬದಲಾವಣೆಯನ್ನೂ ಹಿಡಿದರು. ಸ್ವರಗಿವುಡಿನವರಿಗೆ 100 ಸೆಂಟು, ಅಂದರೆ ಒಂದು ಅರ್ಧಸ್ವರಕ್ಕಿಂತ ಚಿಕ್ಕದು ಸರಿಯಾಗಿ ದಕ್ಕಲಿಲ್ಲ. ಶ್ರುತಿಯ ಬದಲು ನಾಲ್ಕನೆಯ ನಾದದ ಸಮಯವನ್ನು ತುಸು ಸರಿಸಿದಾಗ ಅವರೂ ಎಲ್ಲರಂತೆಯೇ ಹಿಡಿದರು. ಗಮನದ ಕೊರತೆ ಎಂಬ ಅನುಮಾನಕ್ಕೆ ಅಲ್ಲಿಗೆ ಉತ್ತರ ಸಿಕ್ಕಿತು.

ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಇದನ್ನು ಕಟ್ಟಿಕೊಳ್ಳಬಹುದು. ಆಧಾರ ನಾದ 440 ಹರ್ಟ್ಜ್. ಅದಕ್ಕಿಂತ 100 ಸೆಂಟು ಮೇಲೆ 466.2, 50 ಸೆಂಟು ಮೇಲೆ 452.9, 25 ಸೆಂಟು ಮೇಲೆ 446.4 ಹರ್ಟ್ಜ್. ಎಲ್ಲಕ್ಕೂ ಒಂದೇ ಗಟ್ಟಿತನ, ಒಂದೇ ಉದ್ದ. ಪ್ರತಿ ನಾದದ ಆರಂಭದಲ್ಲಿ, ಕೊನೆಯಲ್ಲಿ 10 ಮಿಲಿಸೆಕೆಂಡಿನಲ್ಲಿ ಗಟ್ಟಿತನದ ಏರಿಳಿಕೆ ಕೊಡಲೇಬೇಕು. ಕೊಡದಿದ್ದರೆ ನಾದ ಕತ್ತರಿಸಿದ ಜಾಗದಲ್ಲಿ ‘ಟಕ್’ ಎನ್ನುತ್ತದೆ. ಆ ಟಕ್ಕು ನಾದದಿಂದ ನಾದಕ್ಕೆ ಬೇರೆಯಾಗಿ, ಶ್ರುತಿ ಕೇಳದವರೂ ಅದನ್ನೇ ಹಿಡಿದು ಸರಿಯುತ್ತರ ಕೊಡುತ್ತಾರೆ. ಮನೆಯಲ್ಲಿ ಮಾಡಿದ ಪರೀಕ್ಷೆಗಳು ಸುಳ್ಳು ಸಮಾಧಾನ ಕೊಡುವುದು ಹೆಚ್ಚಾಗಿ ಹೀಗೇ. ಪ್ರತಿ ಅಳತೆಗೆ ಕನಿಷ್ಠ 20 ಸರದಿ ಮಾಡಿ: ಅರ್ಧದಲ್ಲಿ ಬದಲಾವಣೆ, ಅರ್ಧದಲ್ಲಿ ಇಲ್ಲ. ಅನುಕ್ರಮವನ್ನು ಬೇರೆಯವರು ಕಲೆಸಿಡಲಿ.

ಈ ಪರೀಕ್ಷೆಯಲ್ಲಿ ಗೆದ್ದು ಬ್ಯಾಟರಿಯಲ್ಲಿ ಸೋಲುವವರೂ ಇದ್ದಾರೆ. ಅಂಥವರಲ್ಲಿ ತೊಡಕು ಶ್ರುತಿ ಕೇಳುವುದರಲ್ಲಿಲ್ಲ, ಅದನ್ನು ಕೆಲವು ಸೆಕೆಂಡು ಮನಸ್ಸಿನಲ್ಲಿ ಹಿಡಿದಿಡುವುದರಲ್ಲಿದೆ. ಪದಗಳ ಅಲ್ಪಾವಧಿ ನೆನಪು ಸರಿಯಿದ್ದು ನಾದಗಳ ನೆನಪು ಮಾತ್ರ ಸೋರುವುದನ್ನು 2009ರ ಅಧ್ಯಯನವೊಂದು ತೋರಿಸಿತು.

ಮಿದುಳಿನ ಮಾತು

ಅಂಕದ ಕೆಳಗೆ ‘ನಿಮ್ಮ ಮಿದುಳಿನ ತಂತು ದುರ್ಬಲ’ ಎಂಬಂಥ ಸಾಲು ಬರೆಯುವ ತಾಣಗಳಿವೆ. ಅದಕ್ಕೆ ಹಿಂದಿರುವ ವಿಜ್ಞಾನ ಗಟ್ಟಿಯದೇ, ಆದರೆ ಆ ಸಾಲನ್ನು ಬರೆಯುವ ಹಕ್ಕನ್ನು ಅದು ಯಾರಿಗೂ ಕೊಡುವುದಿಲ್ಲ. 2006ರಲ್ಲಿ ಮಾಂಟ್ರಿಯಲ್ ಮತ್ತು ನ್ಯೂಕ್ಯಾಸಲ್ ಎರಡೂ ಕಡೆಯ ಎಂಆರ್‌ಐ ಚಿತ್ರಗಳಲ್ಲಿ, ಸ್ವರಗಿವುಡಿನವರ ಬಲ ಮುಂಭಾಗದ ಕೆಳಮಡಿಕೆಯಲ್ಲಿ ಬಿಳಿ ದ್ರವ್ಯ (ನರತಂತುಗಳಿರುವ ಭಾಗ) ಕಡಿಮೆ ಇರುವುದು ಕಂಡಿತು. ಮರುವರ್ಷ ಅದೇ ಭಾಗದಲ್ಲೂ ಬಲ ಶ್ರವಣ ಪ್ರದೇಶದಲ್ಲೂ ತೊಗಟೆ, ಅಂದರೆ ಮಿದುಳಿನ ಹೊರಪದರ, ತೆಳುವಲ್ಲ, ಸಾಮಾನ್ಯರದಕ್ಕಿಂತ ದಪ್ಪ ಎಂದು ಬಂತು. ದಪ್ಪವಾಗಿದ್ದರೆ ಒಳ್ಳೆಯದಲ್ಲವೇ ಎನ್ನಬೇಡಿ. ಬೆಳವಣಿಗೆಯ ಕಾಲದಲ್ಲಿ ನರಕೋಶಗಳು ತಮ್ಮ ಜಾಗ ಸೇರುವುದರಲ್ಲೋ ಬೇಡದ ಕವಲುಗಳು ಸವರಿ ಹೋಗುವುದರಲ್ಲೋ ಏರುಪೇರಾಗಿರಬಹುದೆಂಬುದು ಅದರ ಒಂದು ವಿವರಣೆ. ಇನ್ನೊಂದು ತಂಡ 2007ರಲ್ಲಿ ವ್ಯತ್ಯಾಸ ಕಂಡದ್ದು ಎಡ ಗೋಳಾರ್ಧದಲ್ಲಿ.

2009ರಲ್ಲಿ ಬಾಸ್ಟನ್ನಿನ ತಂಡ ಹತ್ತು ಮಂದಿ ಸ್ವರಗಿವುಡಿನವರನ್ನು ಹತ್ತು ಸಾಮಾನ್ಯರೊಡನೆ ಹೋಲಿಸಿತು. ಶ್ರವಣ ಪ್ರದೇಶವನ್ನು ಮುಂಭಾಗಕ್ಕೆ ಜೋಡಿಸುವ ಬಿಲ್ಲಿನಾಕಾರದ ನರತಂತು, ಆರ್ಕುಯೇಟ್ ಫ್ಯಾಸಿಕ್ಯುಲಸ್, ಬಲಬದಿಯ ಮೇಲ್ಕವಲಿನಲ್ಲಿ ತೀರ ಕೃಶವಾಗಿದೆ ಎಂಬುದು ಅದರ ತೀರ್ಮಾನ. ಆ ಚಿತ್ರ ಎಲ್ಲೆಡೆ ಹರಿದಾಡಿತು. 2015ರಲ್ಲಿ ಮತ್ತೊಂದು ತಂಡ, ತಂತುವನ್ನು ಗೆರೆಯಾಗಿ ಬಿಡಿಸುವ ಗಣಕವಿಧಾನ ಬದಲಿಸಿದರೆ ಆ ತಂತು ಕಾಣಿಸುವುದೂ ಬದಲಾಗುತ್ತದೆ ಎಂದು ತೋರಿಸಿತು. ತಂತುಗಳು ಒಂದನ್ನೊಂದು ದಾಟುವ ಕಡೆ ಸರಳ ವಿಧಾನ ದಾರಿ ತಪ್ಪುತ್ತದೆ; ಇಲ್ಲದ ತಂತು ಮತ್ತು ಕಾಣದ ತಂತು ಎರಡೂ ಪರದೆಯ ಮೇಲೆ ಒಂದೇ ಥರ.

ಇವೆಲ್ಲಕ್ಕಿಂತ ಕುತೂಹಲದ್ದು ಇಇಜಿ (ನೆತ್ತಿಯ ಮೇಲೆ ಮಿದುಳಿನ ವಿದ್ಯುತ್ ಅಲೆ ಅಳೆಯುವ ವಿಧಾನ) ಕತೆ. 2009ರ ಪ್ರಯೋಗದಲ್ಲಿ ಅರ್ಧಸ್ವರದ ಅರ್ಧದಷ್ಟು ತಪ್ಪಿದ ಸ್ವರಕ್ಕೆ ಸ್ವರಗಿವುಡಿನವರ ಮಿದುಳೂ ಸುಮಾರು 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಿತು. ಆಮೇಲೆ, 600 ಮಿಲಿಸೆಕೆಂಡಿನ ಆಸುಪಾಸಿನಲ್ಲಿ, ‘ಏನೋ ತಪ್ಪಿದೆ’ ಎಂದು ಅರಿವಿಗೆ ಬರುವ ಅಲೆ ಮಾತ್ರ ಏಳಲಿಲ್ಲ. ಮಿದುಳಿಗೆ ಕೇಳಿಸಿದೆ, ಮನುಷ್ಯನಿಗೆ ಕೇಳಿಸಿಲ್ಲ! ಕೆಲಸ ಮಾಡುತ್ತಿರುವ ಮಿದುಳನ್ನು ತೋರಿಸುವ ಎಫ್‌ಎಂಆರ್‌ಐ ಚಿತ್ರಣದ 2011ರ ಅಧ್ಯಯನ ಇದಕ್ಕೆ ಹೊಂದುತ್ತದೆ: ಶ್ರವಣ ತೊಗಟೆ ಶ್ರುತಿಯ ಬದಲಾವಣೆಗೆ ಸರಿಯಾಗಿಯೇ ಸ್ಪಂದಿಸುತ್ತಿತ್ತು, ಕುಗ್ಗಿದ್ದು ಬಲ ಮುಂಭಾಗದ ಕೆಳಮಡಿಕೆ ಮತ್ತು ಅದರೊಡನೆಯ ಸಂಪರ್ಕ. ಮಿದುಳಿನ ಕಾಂತಕ್ಷೇತ್ರ ಅಳೆಯುವ ಎಂಇಜಿ ಬಳಸಿದ 2013ರ ಅಧ್ಯಯನ ಒಪ್ಪಲಿಲ್ಲ. ರಾಗ ನೆನಪಿಡಬೇಕಾದಾಗ ಕೊರತೆ ಶ್ರವಣ ತೊಗಟೆಯಲ್ಲೇ, ಸ್ವರ ಕೇಳಿದ 100 ಮಿಲಿಸೆಕೆಂಡಿನ ಹೊತ್ತಿಗೇ ಶುರುವಾಗುತ್ತದೆ ಎಂದಿತು. ಒಂದರಲ್ಲಿ ಸುಮ್ಮನೆ ಕೇಳುವುದಿತ್ತು, ಇನ್ನೊಂದರಲ್ಲಿ ನೆನಪಿಡುವ ಕೆಲಸವಿತ್ತು. ಜಗಳದ ಒಂದು ಪಾಲು ಅಲ್ಲೇ ತೀರುತ್ತದೆ.

ಈ ಎಲ್ಲವೂ ಗುಂಪಿನ ಸರಾಸರಿಗಳು, ಬಹುತೇಕ ಹತ್ತಿಪ್ಪತ್ತು ಜನರವು. ಎರಡೂ ಗುಂಪಿನ ಮಿದುಳುಗಳ ಅಳತೆ ಒಂದರ ಮೇಲೊಂದು ಹಾಯುತ್ತವೆ. ಒಬ್ಬರ ಎಂಆರ್‌ಐ ನೋಡಿ ಸ್ವರಗಿವುಡು ಹೇಳಲು ಬಾರದು, ಅಂಕ ನೋಡಿ ತಂತು ಹೇಳುವುದಂತೂ ದೂರ. ಇದಕ್ಕಾಗಿ ಸ್ಕ್ಯಾನ್ ಮಾಡಿಸುವುದು ದಂಡ.

ಕಿವಿ ತರಬೇತಿ ಆ್ಯಪ್‌ಗಳು

ಇವು ಸಾಮಾನ್ಯ ಕಿವಿಯ ಕಲಿಕೆಗಾರರಿಗಾಗಿ ಮಾಡಿದವು. ಮೊದಲ ಪಾಠದಲ್ಲೇ ಅಂತರದ ಹೆಸರು ಕೇಳುವ ಆ್ಯಪ್ ಸ್ವರಗಿವುಡಿನವರಿಗೆ ಉಪಯೋಗವಿಲ್ಲ. ಏರಿತೋ ಇಳಿಯಿತೋ ಎಂಬಲ್ಲಿಂದ, ಐದಾರು ಅರ್ಧಸ್ವರದ ದೊಡ್ಡ ಜಿಗಿತದಿಂದ ಶುರುಮಾಡಿ, ಸರಿಯುತ್ತರ ಬಂದಂತೆ ಜಿಗಿತ ಕಿರಿದಾಗಿಸುವಂಥದ್ದನ್ನು ಆರಿಸಿ. ಪ್ರತಿ ಉತ್ತರದ ಬೆನ್ನಿಗೇ ಸರಿ–ತಪ್ಪು ತಿಳಿಸಬೇಕು. ಬರೀ ಸಂಗೀತ ಕೇಳುತ್ತಿದ್ದರೆ ಸಾಲದು: 2012ರಲ್ಲಿ ಸ್ವರಗಿವುಡಿನ ಎಂಟು ಮಕ್ಕಳಿಗೆ ನಾಲ್ಕು ವಾರ ದಿನವೂ ಸಂಗೀತ ಕೇಳಿಸಿದರೂ ಅಂಕವಾಗಲಿ ಮಿದುಳಿನ ಅಲೆಯಾಗಲಿ ಬದಲಾಗಲಿಲ್ಲ. 2018ರಲ್ಲಿ ಶ್ರುತಿ ವ್ಯತ್ಯಾಸ ಹಿಡಿಯುವ ಅಭ್ಯಾಸವನ್ನೇ ಗುರಿಯಿಟ್ಟು ಮಾಡಿಸಿದಾಗ ಮಿತಿ ಇಳಿಯಿತು, ಅರ್ಧಕ್ಕಿಂತ ಹೆಚ್ಚು ಮಂದಿ ಬ್ಯಾಟರಿಯ ಗೆರೆಯನ್ನೂ ದಾಟಿದರು. ಅದರಲ್ಲಿ ಎಷ್ಟು ಪಾಲು ಕಿವಿಯದು, ಎಷ್ಟು ಪರೀಕ್ಷೆ ಪರಿಚಯವಾದ್ದರದು ಎಂದು ಬೇರ್ಪಡಿಸುವುದು ಸುಲಭವಲ್ಲ. ಆದ್ದರಿಂದ ತರಬೇತಿಗೆ ಮುಂಚೆ ಒಮ್ಮೆ ಅಲ್ಲ, ಎರಡು ಬಾರಿ, ಕೆಲವು ದಿನ ಬಿಟ್ಟು ಪರೀಕ್ಷೆ ಮಾಡಿ ಎರಡನೆಯ ಅಂಕವನ್ನು ಆಧಾರವಾಗಿ ಬರೆದಿಟ್ಟುಕೊಳ್ಳಿ.